ಫ್ರೀ ಕರೆಂಟಿಗೆ ಇನ್ಫ್ರಾರೆಡ್ ಒಲೆ ಅಂತ ಬರ್ತಾರೆ, ಹಕ್ಕುಪತ್ರ ಹೊರಗೆ ತೆಗೀಬೇಡಿ

ಕೊಪ್ಪಳದ ಆಶ್ರಯ ಕಾಲೊನಿಗಳಲ್ಲಿ ಇರೋರು ದಯವಿಟ್ಟು ಪೂರ್ತಿ ಓದಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರೂ ಓದಿ. ಈ ಒಲೆ ಮಾರೋ ಹುಡುಗರು ಮುಂದೆ ಅಲ್ಲಿಗೇ ಹೋಗ್ತೀವಿ ಅಂತ ನಮ್ಮ ಮನೆ ಕಟ್ಟೆ ಮೇಲೆ ಕೂತು ಚಹಾ ಕುಡೀತಾ ಹೇಳಿದ್ದಾರೆ. ನಮ್ಮ ಮನೆ ಚಹಾ!

ಡಿಸೆಂಬರ್ ಎರಡನೇ ವಾರ ಇಬ್ಬರು ಬಂದ್ರು. ಕೊರಳಲ್ಲಿ ಐಡಿ ಕಾರ್ಡು, ಬಗಲಲ್ಲಿ ರಿಜಿಸ್ಟರ್. "ಇದು ಆಶ್ರಯ ಮನಿಯವ್ರಿಗಷ್ಟ ಬಂದಿರೋ ಸ್ಕೀಮ್ ಅಣ್ಣಾರ. ಹೊರಗಿನವ್ರಿಗೆ 5,800, ಹಕ್ಕುಪತ್ರ ಇದ್ದವ್ರಿಗೆ 3,200." ಸ್ಕೀಮ್ ಅಂದ್ರು, ಹಕ್ಕುಪತ್ರ ಅಂದ್ರು, ನಾನು ಸರ್ಕಾರದ್ದೇ ಅಂದ್ಕೊಂಡೆ. ಅವರು ಸರ್ಕಾರ ಅನ್ನೋ ಮಾತು ಒಂದ್ಸಲಾನೂ ಆಡಲಿಲ್ಲ. ಅದು ನನಗೆ ಹೊಳೆದದ್ದು ಎರಡು ತಿಂಗಳಾದ ಮೇಲೆ.

ಅವ್ವ ಟ್ರಂಕಿನಿಂದ ಹಕ್ಕುಪತ್ರ ತೆಗೆದ್ಲು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೀರೆಗಳ ಅಡಿ ಇಟ್ಟಿದ್ದ ಕಾಗದ ಅದು. ಅವರು ಮೊಬೈಲಿನಲ್ಲಿ ಫೋಟೋ ಹೊಡ್ಕೊಂಡ್ರು, ಆಧಾರ್ ಜೆರಾಕ್ಸ್ ತಗೊಂಡ್ರು. ಒಂದು ಒಲೆ ಮಾರೋಕೆ ಆಧಾರ್ ಯಾಕೆ ಬೇಕು ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಒಲೆ ನೋಡೋಕೆ ಚೆನ್ನಾಗೇ ಇತ್ತು. ಕರಿ ಗಾಜು, ಸ್ವಿಚ್ ಒತ್ತಿದ್ರೆ ಒಳಗಿನ ಸುರುಳಿ ಕೆಂಪಗಾಗುತ್ತೆ. ಇಂಡಕ್ಷನ್ ಥರ ಬೇರೆ ಪಾತ್ರೆ ಬೇಕಿಲ್ಲ, ಅಲ್ಯುಮಿನಿಯಂ, ಹಿತ್ತಾಳೆ ಎಲ್ಲಾ ನಡೆಯುತ್ತೆ ಅಂದ್ರು. ಅದು ನಿಜ, ಅಷ್ಟು ಮಾತ್ರ ನಿಜ. ಕರೆಂಟಿನ ಬಗ್ಗೆ ಕೇಳಿದಾಗ ಹೇಳಿದ್ದು ಇದು: "ಇನ್ಫ್ರಾರೆಡ್ ಅಂದ್ರ ಸೂರ್ಯನ ಕಿರಣ ಇದ್ದಂಗ ಅಣ್ಣಾರ. ಕಿರಣ ಹುಟ್ಟಸಾಕ ಅಷ್ಟ ಕರೆಂಟು, ಕಾಸೋದು ಕಿರಣ. ದಿನಕ್ಕ ಒಂದು ಯೂನಿಟ್ ಬಂದ್ರ ಹೆಚ್ಚು. ಅದೂ ನಿಮಗ ಗೃಹಜ್ಯೋತಿ ಐತಿ, 200 ಯೂನಿಟ್ ಫ್ರೀ. ಗ್ಯಾಸಿಗ್ಯಾಕ ರೊಕ್ಕ ಹಾಕ್ತೀರಿ?"

ನಾನು ಪಿಯುಸಿ ಸೈನ್ಸ್ ಓದಿದವನು. ಒಲೆಯ ಅಡಿಯಲ್ಲಿ 2000 ವ್ಯಾಟ್ ಅಂತ ಬರೆದ ಚೀಟಿ ಇತ್ತು. 2000 ವ್ಯಾಟ್ ಅಂದ್ರೆ ಪೂರ್ತಿ ಉರಿಯಲ್ಲಿ ಒಂದು ತಾಸಿಗೆ ಎರಡು ಯೂನಿಟ್. ಕಿರಣವೋ ಸುರುಳಿಯೋ, ಶಾಖ ಬರೋದೆಲ್ಲಾ ಕರೆಂಟಿಂದಲೇ. ಒಲೆ ತಿರುವಿ ನೋಡಿದ್ರೆ ಸಾಕಿತ್ತು. ನೋಡಲಿಲ್ಲ, ರೊಕ್ಕ ಎಣಿಸಿ ಕೊಟ್ಟೆ.

ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಓಣಿಯವರನ್ನ ಕರೆದು, ಚಹಾ ಕಾಸಿ ತೋರಿಸಿದೆ. ನಮ್ಮ ಸಾಲಿನಲ್ಲಿ 11 ಮನೆಯವರು ತಗೊಂಡ್ರು. ಎದುರು ಮನೆ ಅಜ್ಜಿ ಸಂಘದ ಸಾಲದ ರೊಕ್ಕದಲ್ಲಿ ತಗೊಂಡ್ಲು, "ನೀ ಓದಿದಾಂವ, ನೀ ತಗೊಂಡಿ ಅಂದ್ರ ಚಲೋನ ಇರತೈತಿ" ಅಂತ.

ಮೂರನೇ ವಾರಕ್ಕೆ ಅಡುಗೆಮನೆಯಲ್ಲಿ ಸುಟ್ಟ ವಾಸನೆ. ಪ್ಲಗ್ ಎಳೆದ್ರೆ ಬರ್ತಿಲ್ಲ. ಸಾಕೆಟ್ಟಿನ ಬಲಗಡೆ ತೂತು ಕರಗಿ ಪ್ಲಗ್ಗಿಗೆ ಅಂಟಿತ್ತು, ಗೋಡೆಯ ಸುಣ್ಣ ಅಂಗೈ ಅಗಲ ಕಂದು ಬಣ್ಣಕ್ಕೆ ತಿರುಗಿತ್ತು. ಆಶ್ರಯ ಮನೆಯ ವೈರಿಂಗ್ ಹೇಗಿರುತ್ತೆ ಅಂತ ನಿಮಗೆ ಗೊತ್ತು. ನಾಲ್ಕು ಬಲ್ಬು, ಫ್ಯಾನು, ಟಿವಿಗೆ ಹಾಕಿದ ಸಣ್ಣ ವೈರು, 6 ಆಂಪಿಯರ್ ಸಾಕೆಟ್ಟು. ಆ ಒಲೆ ಎಳೆಯೋದು ಹತ್ತಿರ ಹತ್ತಿರ 9 ಆಂಪಿಯರ್. ಒಲೆ ಮಾರಿದವನಿಗೆ ಫೋನ್ ಮಾಡಿದೆ. "ನಿಮ್ಮ ಮನಿ ವೈರಿಂಗ್ ಸರಿ ಇಲ್ರಿ, ನಮ್ಮ ಒಲಿದು ಏನೂ ತಪ್ಪಿಲ್ಲ." ಮಾರುವಾಗ ಮನೆ ನೋಡಿದ್ರಲ್ಲಪ್ಪಾ ಅಂದ್ರೆ ಫೋನ್ ಇಟ್ಟ. ಬೇರೆ ವೈರು, 16 ಆಂಪಿಯರ್ ಸಾಕೆಟ್ಟು ಅಂತ ಮತ್ತೆ 850 ಹೋಯ್ತು.

ಡಿಸೆಂಬರಿನ ಬಿಲ್ಲಿನಲ್ಲೇ ಸ್ವಲ್ಪ ರೊಕ್ಕ ಬಂತು. 2023ರ ಆಗಸ್ಟಿಂದ ಸೊನ್ನೆ ಬರ್ತಿದ್ದ ಬಿಲ್ಲು ಅದು. ಕೇಳಿದ್ರೆ "ಮೊದಲನೇ ತಿಂಗಳು ಮೀಟರ್ ಹಂಗ ತೋರಸ್ತೈತ್ರಿ, ಆಮ್ಯಾಲೆ ಸೆಟ್ ಆಕೈತಿ" ಅಂದ. ನಂಬಿದೆ! ಅದನ್ನೂ ನಂಬಿದೆ!

ಜನವರಿಯಲ್ಲಿ ಗವಿಮಠದ ಜಾತ್ರೆ. ದಾಸೋಹಕ್ಕೆ ಪ್ರತಿ ವರ್ಷ ಅವ್ವ ಜೋಳದ ರೊಟ್ಟಿ ಮಾಡಿ ಕೊಡ್ತಾಳೆ. ಈ ಸಲ ಅದನ್ನೂ ಈ ಒಲೆ ಮೇಲೆ ಮಾಡೋಕೆ ಕೂತಳು. ಹಂಚು ಕಾದ ಕೂಡಲೇ ಒಲೆ ತಾನೇ ಆರುತ್ತೆ, ಮತ್ತೆ ಹತ್ತುತ್ತೆ. ಒಂದು ರೊಟ್ಟಿ ಸೀದು ಹೋಗುತ್ತೆ, ಇನ್ನೊಂದು ಹಸಿ. ಒಂದೂ ಉಬ್ಬಲಿಲ್ಲ. ಅರ್ಧ ಹಿಟ್ಟು ಮುಗಿದ ಮೇಲೆ ಅವ್ವ ಎದ್ದು, "ಇದನ್ನ ಅಜ್ಜನ ಜಾತ್ರಿಗೆ ಹೆಂಗ ಕೊಡ್ಲಿ" ಅಂತ ಅತ್ತಳು. ಉಳಿದದ್ದನ್ನ ಗ್ಯಾಸಿನ ಮೇಲೆ ಬಡಿದಳು.

ಜಾತ್ರೆಗೆ ಬಂದ ನೆಂಟರು, ಚಳಿಗೆ ಸ್ನಾನದ ನೀರು, ಎಲ್ಲಾ ಅದೇ ಒಲೆ. ಜನವರಿಗೆ 214 ಯೂನಿಟ್. ಬಿಲ್ಲು ಒಂದೂವರೆ ಸಾವಿರ ದಾಟಿತ್ತು, ಒಂದು ಸಿಲಿಂಡರ್ ಬಂದು ರೊಕ್ಕ ಉಳೀತಿತ್ತು. ಬಿಲ್ಲು ಕೊಡೋಕೆ ಬಂದವರನ್ನ ನಿಲ್ಲಿಸಿ ಜಗಳಕ್ಕೇ ಬಿದ್ದೆ. ಅವರು ನಿಧಾನಕ್ಕೆ ಹೇಳಿದ್ರು: 200 ಎಲ್ಲರಿಗೂ ಫ್ರೀ ಅಲ್ಲ. 2022-23ರಲ್ಲಿ ನಿಮ್ಮ ಮನೆ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇಕಡಾ 10, ಅಷ್ಟೇ ಫ್ರೀ. ನಮ್ಮದು 61, ಅಂದ್ರೆ 67 ಯೂನಿಟ್. ಅದರ ಮೇಲಿನದಕ್ಕೆ ರೊಕ್ಕ ಕಟ್ಟಬೇಕು, 200 ದಾಟಿದ್ರೆ ಆ ತಿಂಗಳ ಬಿಲ್ಲು ಪೂರ್ತಿ ಕಟ್ಟಬೇಕು. ಬಾಗಿಲಲ್ಲಿ ಓಣಿಯವರೆಲ್ಲಾ ನಿಂತು ಕೇಳ್ತಿದ್ರು. ನನ್ನ ಕಾಲ ಕೆಳಗಿನ ನೆಲ ಕುಸಿದ ಹಾಗಾಯ್ತು.

ಆವತ್ತೇ ಫೋನ್ ಮಾಡಿದೆ. ಅವನ ಉತ್ತರ ಇವತ್ತಿಗೂ ಕಿವಿಯಲ್ಲಿದೆ: "ನಾವೇನು ಕರೆಂಟ್ ಮಾರೀವೇನ್ರಿ? ಒಲಿ ಮಾರೀವಿ. ಒಲಿ ಹತ್ತತೈತೋ ಇಲ್ಲೋ? ಹತ್ತತೈತಿ ಅಂದ್ರ ಮುಗೀತು." ಅಣ್ಣಾರ ಅಂತಿದ್ದ ಬಾಯಿ ಅದು. ಮಾರನೇ ದಿನ ಬೇರೆ ನಂಬರಿನಿಂದ ಮಾಡಿದ್ರೆ ಅದೇ ದನಿ, "ರಾಂಗ್ ನಂಬರ್" ಅಂತು. ರಸೀದಿ ನೋಡಿದ್ರೆ ಜಿಎಸ್‌ಟಿ ನಂಬರಿಲ್ಲ, ಅಂಗಡಿ ವಿಳಾಸ ಇಲ್ಲ, ಡಬ್ಬದ ಮೇಲೆ ಐಎಸ್ಐ ಗುರುತಿಲ್ಲ.

ಯಾರಾದ್ರೂ ಬಂದ್ರೆ ಹಕ್ಕುಪತ್ರ, ಆಧಾರ್ ಕೊಡಬೇಡಿ. ವ್ಯಾಟ್ ಎಷ್ಟು ಅಂತ ನೋಡಿ. ನಿಮ್ಮ ಫ್ರೀ ಯೂನಿಟ್ ಎಷ್ಟು ಅಂತ ಜೆಸ್ಕಾಂ (ನಮ್ಮ ಕಡೆ ಕರೆಂಟ್ ಕೊಡೋ ಕಂಪನಿ) ಆಫೀಸಿನಲ್ಲಿ ಕೇಳಿ. ನನ್ನಂಥ ಓದಿದವನು ತಗೊಂಡಿದ್ದಾನೆ ಅಂತ ಮಾತ್ರ ತಗೋಬೇಡಿ.

1915ಕ್ಕೆ ಫೋನ್ ಮಾಡಿ ಗ್ರಾಹಕರ ದೂರು ಬರೆಸಿದ್ದೇನೆ. ಅಜ್ಜಿಯ 3,200 ನಾನೇ ತಿಂಗಳಿಗಿಷ್ಟು ಅಂತ ಕೊಡ್ತಿದ್ದೇನೆ, ಬೇಡ ಅಂದ್ರೂ ಕೊಡ್ತೇನೆ. ಈ ಭಾನುವಾರ ನಮ್ಮ ಸಾಲಿನವರು ಒಲೆ, ರಸೀದಿ ತಗೊಂಡು ಪೊಲೀಸ್ ಠಾಣೆಗೆ ಹೋಗ್ತಿದ್ದೇವೆ. ಬೇರೆ ಕಾಲೊನಿಯಲ್ಲಿ ಇದೇ ಕರಿ ಗಾಜಿನ ಒಲೆ ತಗೊಂಡವರಿದ್ರೆ ರಸೀದಿ ಹರಿದು ಹಾಕಬೇಡಿ, ನಮ್ಮ ಜೊತೆ ಬನ್ನಿ.