ನಾಯಿ ಬೆನ್ನು ಲಟಕ್ ಅನ್ಸೋರ ಹತ್ರ ಹೋಗೋ ಮುಂಚೆ ಇದನ್ನ ಓದಿ

ನಾಯಿ ಬೆಕ್ಕು ಸಾಕಿರೋರು ದಯವಿಟ್ಟು ಪೂರ್ತಿ ಓದಿ, ಸ್ವಲ್ಪ ಉದ್ದ ಇದೆ. ಪ್ರಾಣಿಗಳಿಗೆ ಕೈರೋಪ್ರಾಕ್ಟಿಕ್ (ಬೆನ್ನುಮೂಳೆನ ಕೈಯಲ್ಲಿ ಒತ್ತಿ, ಜರ್ಕ್ ಕೊಟ್ಟು ಸರಿ ಮಾಡ್ತೀವಿ ಅನ್ನೋ ಚಿಕಿತ್ಸೆ) ಅಂತ ರೀಲ್ಸ್ ನೋಡೇ ಇರ್ತೀರ, ನಾಯಿ ಬೆನ್ನ ಮೇಲೆ ಕೈ ಇಟ್ಟು ಲಟಕ್ ಅನ್ನಿಸ್ತಾರೆ, ಅದು ಮೈ ಒದರಿಕೊಂಡು ಎದ್ದು ಓಡುತ್ತೆ, ಕೆಳಗಡೆ ಸಾಲಾಗಿ ಹಾರ್ಟ್ ಹಾಕಿರ್ತಾರೆ. ಮಾರನೇ ದಿನ ಆ ನಾಯಿ ಹೇಗಿತ್ತು ಅಂತ ಯಾರೂ ವಿಡಿಯೋ ಹಾಕಲ್ಲ. ನಮ್ಮ ಗುಂಡನ ಮಾರನೇ ದಿನ ಹೇಗಿತ್ತು ಅಂತ ನಾನು ಹೇಳ್ತೀನಿ.

ಗುಂಡ ಡ್ಯಾಶ್‌ಹೌಂಡ್. ಉದ್ದ ಬೆನ್ನು, ಗಿಡ್ಡ ಕಾಲು, ಮನೆಗೆಲ್ಲ ಅವನದೇ ಯಜಮಾನಿಕೆ. ಇದ್ದಕ್ಕಿದ್ದ ಹಾಗೆ ಸೋಫಾ ಹತ್ತೋದು ಬಿಟ್ಟ, ಎತ್ತಿಕೊಳ್ಳೋಕೆ ಹೋದ್ರೆ ಕುಂಯ್ ಅಂತಿದ್ದ, ಬೆನ್ನು ಗೂನು ಮಾಡ್ಕೊಂಡು ಒಂದೇ ಕಡೆ ನಿಂತಿರ್ತಿದ್ದ. ವೆಟ್ ನೋವಿನ ಮಾತ್ರೆ ಕೊಟ್ಟು, ಕೆಲವು ವಾರ ಕೇಜಲ್ಲೇ ಇರ್ಲಿ, ಹಾರೋದು ಓಡೋದು ಏನೂ ಬೇಡ ಅಂದ್ರು. ಅಷ್ಟರಲ್ಲಿ ಪರಿಚಯದವರೊಬ್ಬರು, ಸುಮ್ನೆ ಮಾತ್ರೆ ಯಾಕೆ ನುಂಗಿಸ್ತೀರ, ನಮ್ಮ ಲ್ಯಾಬ್ರಡಾರ್‌ಗೆ ಒಬ್ರು ಎರಡೇ ನಿಮಿಷದಲ್ಲಿ ಸರಿ ಮಾಡಿದ್ರು ಅಂತ ನಂಬರ್ ಕೊಟ್ರು.

ಆ ಮನುಷ್ಯ ವೆಟ್ ಅಲ್ಲ. ಮನುಷ್ಯರಿಗೆ ಮಾಡೋ ಕೈರೋಪ್ರಾಕ್ಟರ್, ಪ್ರಾಣಿಗಳಿಗೂ ಕೋರ್ಸ್ ಮಾಡಿದೀನಿ ಅಂತ ಗೋಡೆ ಮೇಲೆ ಸರ್ಟಿಫಿಕೇಟ್ ಹಾಕ್ಕೊಂಡಿದ್ರು, ಹೆಸರಿನ ಮುಂದೆ ಡಾಕ್ಟರ್. ವೆಟ್ ಏನು ಹೇಳಿದ್ರು ಅಂತ ಕೇಳಲಿಲ್ಲ, ತಗೊಂಡು ಹೋಗಿದ್ದ ಚೀಟಿ ನೋಡಲೂ ಇಲ್ಲ. ಗುಂಡನ್ನ ಮಲಗಿಸಿ ಹಿಂಗಾಲು ಎರಡನ್ನೂ ಒಟ್ಟಿಗೆ ಹಿಂದಕ್ಕೆ ಎಳೆದು, ನೋಡಿ ಎಡಗಾಲು ಗಿಡ್ಡ ಇದೆ, ಸೊಂಟ ತಿರುಗಿದೆ ಅಂದ್ರು. (ಇದನ್ನ ಮನೇಲಿ ನೀವೇ ಮಾಡಿ ನೋಡಿ, ಎಳೆಯೋ ಕೈ ಒಂಚೂರು ವಾಲಿದ್ರೆ ಯಾವ ಕಾಲು ಬೇಕಾದ್ರೂ ಗಿಡ್ಡ ಕಾಣುತ್ತೆ. ನೋವಿರೋ ನಾಯಿ ಮೇಲೆ ಬೇಡ.) ಆಮೇಲೆ ಸ್ಪ್ರಿಂಗ್ ಇರೋ ಒಂದು ಸಣ್ಣ ಸಾಧನದಿಂದ ಬೆನ್ನುದ್ದಕ್ಕೂ ಟಕ್ ಟಕ್ ಅಂತ ಹೊಡೆದ್ರು, ಕೊನೆಗೆ ಎರಡೂ ಕೈ ಇಟ್ಟು ಒಂದು ಜರ್ಕ್. ಗುಂಡ ಪದೇ ಪದೇ ಆಕಳಿಸ್ತಿದ್ದ, ತುಟಿ ನೆಕ್ಕೊಳ್ತಿದ್ದ, ಮುಖ ಆ ಕಡೆ ತಿರುಗಿಸ್ತಿದ್ದ. ನೋಡಿದ್ರಾ, ಟೆನ್ಷನ್ ರಿಲೀಸ್ ಆಗ್ತಿದೆ ಅಂದ್ರು. ನಾಯಿಗಳ ನಡವಳಿಕೆ ಬಗ್ಗೆ ಗೊತ್ತಿರೋ ಯಾರನ್ನಾದ್ರೂ ಕೇಳಿ, ನಿದ್ದೆ ಇಲ್ಲದೆ ಆಕಳಿಸೋದು, ತಿಂಡಿ ಇಲ್ಲದೆ ತುಟಿ ನೆಕ್ಕೋದು ನಾಯಿ ಹೆದರಿದಾಗ, ಇರುಸುಮುರುಸು ಆದಾಗ ಮಾಡೋ ಕೆಲಸ. ಬಾಯಿ ಬರದ ಪ್ರಾಣಿ ಸಾಕು ಬಿಡಿ ಅಂತ ಹೇಳೋದೇ ಹಾಗೆ, ಇವರು ಅದನ್ನ ತಮ್ಮ ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸ್ಕೋತಾರೆ.

ಅವತ್ತು ಸಂಜೆ ಪರವಾಗಿಲ್ಲ ಅನ್ನಿಸ್ತು. ಮಾರನೇ ದಿನ ಟೈಲ್ಸ್ ಮೇಲೆ ಪರ್ ಪರ್ ಅಂತ ಉಗುರು ಕೆರೆಯೋ ಶಬ್ದ. ನೋಡಿದ್ರೆ ಒಂದು ಹಿಂಗಾಲಿನ ಪಂಜ ಮಡಚಿಕೊಂಡಿದೆ, ಪಾದದ ಅಡಿ ನೆಲಕ್ಕೆ ತಾಗೋ ಬದಲು ಮೇಲ್ಭಾಗ ತಾಗ್ತಿದೆ, ಅದು ಅವನಿಗೆ ಗೊತ್ತೇ ಆಗ್ತಿಲ್ಲ, ಹಾಗೇ ಎಳ್ಕೊಂಡು ಬರ್ತಿದಾನೆ. ಆ ಮನುಷ್ಯನಿಗೆ ಫೋನ್ ಮಾಡಿದ್ರೆ, ಗಾಬರಿ ಆಗ್ಬೇಡಿ, ಟಾಕ್ಸಿನ್ ಹೊರಗೆ ಬರ್ತಿದೆ, ಮೊದಲು ಜಾಸ್ತಿಯಾಗಿ ಆಮೇಲೆ ಇಳಿಯುತ್ತೆ, ಮಾತ್ರೆ ನಿಲ್ಸಿ, ನಾಳೆ ಇನ್ನೊಂದು ಸಿಟ್ಟಿಂಗ್ ಮಾಡೋಣ ಅಂತ ಆರಾಮಾಗಿ ಹೇಳಿದ್ರು. ನನಗೆ ಅತಿ ಹೆಚ್ಚು ಸಿಟ್ಟು ಇರೋದು ಜರ್ಕ್ ಕೊಟ್ಟಿದ್ದಕ್ಕಲ್ಲ, ಈ ಮಾತಿಗೆ. ರಾತ್ರಿ ಹೊತ್ತಿಗೆ ಎರಡೂ ಹಿಂಗಾಲು ಹೋಗಿತ್ತು, ಮುಂಗಾಲಲ್ಲಿ ತೆವಳ್ಕೊಂಡು ಬರ್ತಿದ್ದ, ಕೂತಲ್ಲೇ ಉಚ್ಚೆ ಸೋರ್ತಿತ್ತು.

ಎಮರ್ಜೆನ್ಸಿಯಲ್ಲಿದ್ದ ವೆಟ್ ಮೇಡಂ ಮೊದಲು ಮಾಡಿದ್ದೇ ಪಂಜ ಮಡಚಿ ನೆಲಕ್ಕಿಟ್ಟು ನೋಡಿದ್ದು. ಸರಿ ಇರೋ ನಾಯಿ ತಕ್ಷಣ ತಿರುಗಿಸಿ ಇಟ್ಕೊಳ್ಳುತ್ತೆ, ಗುಂಡ ಇಟ್ಕೊಳ್ಳಲಿಲ್ಲ. ಆಮೇಲೆ ಇಕ್ಕಳ ತಗೊಂಡು ಬೆರಳನ್ನ ಜೋರಾಗಿ ಹಿಸುಕಿದ್ರು. ಕಾಲು ಹಿಂದಕ್ಕೆ ಎಳ್ಕೊಂಡ, ನಾನು ಖುಷಿಯಾದೆ, ಅವರು ಇದು ಬರೀ ರಿಫ್ಲೆಕ್ಸ್ ಅಂದ್ರು. ತಲೆ ತಿರುಗಿಸಿ ನೋಡ್ಬೇಕಂತೆ, ಇಲ್ಲ ಕಿರುಚಬೇಕಂತೆ, ಆಗ ಮಾತ್ರ ನೋವು ಮೆದುಳಿಗೆ ಮುಟ್ಟಿದೆ ಅಂತ ಅರ್ಥ. ಇನ್ನೊಂದು ಕಾಲು ಹಿಸುಕಿದಾಗ ಗುಂಡ ತಿರುಗಿ ಕಚ್ಚೋಕೆ ಹೋದ. ನಾಯಿ ಕಚ್ಚೋಕೆ ಬಂದಿದ್ದಕ್ಕೆ ಇಡೀ ರೂಮು ಖುಷಿಪಟ್ಟಿದ್ದು ಅದೇ ಮೊದಲು ನೋಡಿದ್ದು ನಾನು. ಯಾಕಂದ್ರೆ ಆ ಆಳದ ನೋವು ಗೊತ್ತಾಗ್ತಿದ್ರೆ ಆಪರೇಷನ್ ಮಾಡಿದ ಮೇಲೆ 10ರಲ್ಲಿ ಸುಮಾರು 9 ನಾಯಿ ಮತ್ತೆ ನಡೆಯುತ್ತೆ, ಅದೂ ಹೋಗಿಬಿಟ್ಟಿದ್ರೆ ಹೆಚ್ಚುಕಮ್ಮಿ ಅರ್ಧದಷ್ಟು ಮಾತ್ರ, ಅದಕ್ಕೇ ಗಂಟೆಗಳ ಲೆಕ್ಕ. ನಾಳೆ ಬನ್ನಿ ಅನ್ನೋರಿಗೆ ಇದು ಗೊತ್ತಿರ್ಬೇಕಿತ್ತು.

ಇದು ಡಿಸ್ಕ್ ಕಾಯಿಲೆ, ಐವಿಡಿಡಿ ಅಂತಾರೆ. ಬೆನ್ನುಮೂಳೆಗಳ ಮಧ್ಯೆ ಇರೋ ಡಿಸ್ಕ್ ಒಳಗಿನ ಮೆತ್ತಗಿನ ಭಾಗ ಡ್ಯಾಶ್‌ಹೌಂಡ್ ಥರದ ಗಿಡ್ಡಕಾಲಿನ ತಳಿಗಳಲ್ಲಿ ಚಿಕ್ಕ ವಯಸ್ಸಲ್ಲೇ ಸುಣ್ಣಗಟ್ಟಿ ಗಟ್ಟಿಯಾಗುತ್ತೆ, ಒಂದಿನ ಹೊರಪದರ ಹರಿದು ಅದು ಮೇಲಕ್ಕೆ ನುಗ್ಗಿ ಬೆನ್ನುಹುರಿಗೆ ಬಡಿಯುತ್ತೆ. ಪಕ್ಕೆಲುಬು ಮುಗಿದು ಸೊಂಟ ಶುರುವಾಗೋ ಜಾಗದಲ್ಲೇ ಜಾಸ್ತಿ. ಡ್ಯಾಶ್‌ಹೌಂಡ್‌ಗಳಲ್ಲಿ ಹತ್ರಹತ್ರ 4ರಲ್ಲಿ 1ಕ್ಕೆ ಜೀವಮಾನದಲ್ಲಿ ಒಮ್ಮೆಯಾದ್ರೂ ಇದು ಬರುತ್ತೆ. ಬರೀ ಎಕ್ಸ್‌ರೇಯಲ್ಲಿ ಬೆನ್ನುಹುರಿ ಕಾಣಲ್ಲ, ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಬೇಕು. ಅಂಥದ್ರಲ್ಲಿ ಬೆರಳಿಟ್ಟು ನೋಡಿ ಇಲ್ಲಿ ಮೂಳೆ ಜಾರಿದೆ ಅನ್ನೋರಿಗೆ ಏನನ್ನೋಣ. ಮೂಳೆ ನಿಜವಾಗ್ಲೂ ಜಾರಿದ್ರೆ ಅದು ಆಪರೇಷನ್ ಕೇಸು, ಕೈಯಲ್ಲಿ ತಳ್ಳಿ ಕೂರಿಸೋದಲ್ಲ. ಲಟಕ್ ಅನ್ನೋ ಶಬ್ದವೂ ಅಷ್ಟೇ, ನಾವು ಬೆರಳು ನೆಟಿಕೆ ಮುರಿದಾಗ ಬರೋದೇ ಅದು, ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಆಗೋದ್ರಿಂದ. ಯಾವ ಮೂಳೆನೂ ಜಾಗಕ್ಕೆ ಹೋಗಿ ಕೂತಿರಲ್ಲ.

ಆ ಜರ್ಕಿಂದಲೇ ಡಿಸ್ಕ್ ಒಡೀತಾ ಅಂತ ಕೇಳಿದೆ. ಖಂಡಿತ ಹೇಳೋಕಾಗಲ್ಲ, ತಾನಾಗೇ ಒಡೀಬಹುದಿತ್ತು, ಆದ್ರೆ ಅಲ್ಲಾಡಿಸಲೇಬಾರದ ಬೆನ್ನನ್ನ ಅಲ್ಲಾಡಿಸಿದಾರೆ ಅಂದ್ರು ಮೇಡಂ. ನಾನೂ ಅಷ್ಟೇ ಹೇಳ್ತೀನಿ, ಅದಕ್ಕಿಂತ ಜಾಸ್ತಿ ಹೇಳಲ್ಲ. ಆಪರೇಷನ್ ಆಯ್ತು. ಆಮೇಲೆ ಸ್ವಲ್ಪ ಕಾಲ ನಾವೇ ಹೊಟ್ಟೆ ಒತ್ತಿ ಉಚ್ಚೆ ಮಾಡಿಸಬೇಕಿತ್ತು. ಈಗ ನಡೀತಾನೆ, ತಿರುಗುವಾಗ ಹಿಂದುಗಡೆ ವಾಲುತ್ತೆ. ಕೈರೋ ಮಹಾಶಯರಿಗೆ ರಿಪೋರ್ಟ್ ಕಳಿಸಿದ್ದಕ್ಕೆ, ನೀವು ಸಿಟ್ಟಿಂಗ್ ಪೂರ್ತಿ ಮಾಡಿಸಲಿಲ್ಲ ಅಂತ ರಿಪ್ಲೈ ಬಂತು.

ಈ ವಿದ್ಯೆ ಹುಟ್ಟಿದ್ದೇ 1895ರಲ್ಲಿ, ಅಮೆರಿಕದ ಡಿ. ಡಿ. ಪಾಮರ್ ಅನ್ನೋರು ಒಬ್ಬರ ಬೆನ್ನು ಒತ್ತಿ ಕಿವುಡು ವಾಸಿ ಮಾಡಿದೆ ಅಂತ ಹೇಳ್ಕೊಂಡಿದ್ರಿಂದ. ಮೂಳೆ ಜಾರೋದೇ ಹೆಚ್ಚಿನ ಕಾಯಿಲೆಗಳಿಗೆಲ್ಲ ಮೂಲ ಅಂತ ಅವರ ವಾದ. ಅದನ್ನೇ ಈಗ ನಾಯಿ, ಬೆಕ್ಕು, ಕುದುರೆ ಮೇಲೂ ತಂದಿದಾರೆ, ಕುದುರೆಗೆ ಸುತ್ತಿಗೆಯಲ್ಲಿ ಬಡಿಯೋರೂ ಇದಾರೆ. ಆ ದಪ್ಪ ಮಾಂಸಖಂಡದ ಕೆಳಗೆ ಒಂದೊಂದು ಮೂಳೆ ಅಲುಗೋದೇ ಕೆಲವೇ ಡಿಗ್ರಿ.

ನಮ್ದು ಡ್ಯಾಶ್‌ಹೌಂಡ್ ಅಲ್ವಲ್ಲ ಅಂತ ಸುಮ್ನಾಗ್ಬೇಡಿ. ಪೊಮೇರಿಯನ್, ಚಿಹುವಾವಾ, ಯಾರ್ಕಿ ಥರದ ಪುಟ್ಟ ತಳಿಗಳಲ್ಲಿ ಕತ್ತಿನ ಮೊದಲ ಎರಡು ಮೂಳೆಗಳ ಜೋಡಣೆ ಹುಟ್ಟಿನಿಂದಲೇ ಸಡಿಲ ಇರೋ ಕೇಸ್ ಇರುತ್ತೆ, ಅಂಥದರ ಕತ್ತು ತಿರುಚಿದ್ರೆ ಉಸಿರೇ ನಿಲ್ಲಬಹುದು. ಡಿಸ್ಕಿಗೆ ಇನ್‌ಫೆಕ್ಷನ್ ಆಗಿದ್ರೂ, ಮೂಳೆಯಲ್ಲಿ ಗಡ್ಡೆ ಇದ್ರೂ ಹೊರಗೆ ಕಾಣೋದು ಬೆನ್ನುನೋವೇ.

ನಮ್ಮ ನಾಯಿಗೆ ವಾಸಿ ಆಯ್ತಲ್ಲ ಅನ್ನೋರಿಗೆ ಒಂದು ಮಾತು. ಬೆನ್ನುನೋವು ಏರುತ್ತೆ ಇಳಿಯುತ್ತೆ, ಸಣ್ಣ ಪ್ರಮಾಣದ್ದು ರೆಸ್ಟ್ ಕೊಟ್ರೆ ತಾನಾಗೇ ಕಮ್ಮಿಯಾಗುತ್ತೆ, ಆ ವಾರ ಯಾರು ಕೈ ಇಟ್ಟಿದ್ರೋ ಅವರಿಗೆ ಹೆಸರು. ಏನೋ ಮಾಡಿಸಿದೀವಿ ಅನ್ನೋ ಸಮಾಧಾನದಲ್ಲಿ ನಮ್ಮ ಕಣ್ಣಿಗೂ ನಾಯಿ ಚುರುಕಾಗಿ ಕಾಣುತ್ತೆ. ಫಿಸಿಯೋಥೆರಪಿ ಬೇರೆ ವಿಷಯ, ಗುಂಡನಿಗೂ ನೀರಲ್ಲಿ ನಡೆಸೋ ಟ್ರೆಡ್‌ಮಿಲ್ ಮಾಡಿಸಿದ್ರು, ಆದ್ರೆ ಏನಾಗಿದೆ ಅಂತ ಪತ್ತೆಯಾದ ಮೇಲೆ, ವೆಟ್ ಹೇಳಿದ ಮೇಲೆ.

ನಿಮ್ಮ ನಾಯಿ ತೂರಾಡ್ತಿದ್ರೆ, ಪಂಜ ಮಡಚಿ ಇಡ್ತಿದ್ರೆ, ಹಿಂಗಾಲು ಎಳೀತಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ಗಟ್ಟಿ ಹಲಗೆ ಅಥವಾ ದಪ್ಪ ರಟ್ಟಿನ ಮೇಲೆ ಬೆನ್ನು ಬಗ್ಗದ ಹಾಗೆ ಮಲಗಿಸ್ಕೊಂಡು ಸೀದಾ ಆಸ್ಪತ್ರೆಗೆ ಹೋಗಿ. ಕಂಕುಳಿಗೆ ಕೈ ಹಾಕಿ ನೇತಾಡಿಸ್ಕೊಂಡು ಎತ್ತಬೇಡಿ. ಮನುಷ್ಯರ ನೋವಿನ ಮಾತ್ರೆ ಕೊಡ್ಲೇಬೇಡಿ, ಬೆಕ್ಕಿಗಂತೂ ಒಂದು ಪ್ಯಾರಾಸಿಟಮಾಲ್ ಸಾಕು ಸಾಯೋಕೆ. ಈಗಾಗ್ಲೇ ಯಾವ ಮಾತ್ರೆ ಕೊಟ್ಟಿದೀರ ಅಂತ ಅಲ್ಲಿ ಮೊದಲೇ ಹೇಳಿ, ನೋವಿನ ಮಾತ್ರೆ ಹೊಟ್ಟೆಯಲ್ಲಿರುವಾಗಲೇ ಸ್ಟೀರಾಯ್ಡ್ ಬಿದ್ರೆ ಕರುಳಲ್ಲಿ ಹುಣ್ಣಾಗಿ ರಕ್ತ ಹೋಗಬಹುದು.