ಶಾಯಿ ಕಲೆಗೆ ಸ್ಪಿರಿಟ್ಟೋ, ಹಾಲೋ, ಸೋಪೋ?

ಬಟ್ಟೆಗೆ ಶಾಯಿ ಕಲೆಯಾದರೆ ಮೊದಲು ಯಾವ ಪೆನ್ ಅಂತ ನೋಡಿ. ಅದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಬಾಲ್‌ಪೆನ್ ಶಾಯಿಯಲ್ಲಿ ಎಣ್ಣೆಯಂಥ ದ್ರವ ಇರುತ್ತದೆ. ನೀರಿಗೆ ಅದು ಜಗ್ಗುವುದಿಲ್ಲ, ಸ್ಪಿರಿಟ್‌ಗೆ ಕರಗುತ್ತದೆ. ಹಾಗಾಗಿ ನನ್ನ ಮೊದಲ ಆಯ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್, ಇಲ್ಲಿ ಸ್ಪಿರಿಟ್ ಅಂದರೆ ಇದೇ. ಕಲೆಯ ಕೆಳಗೆ ಬಿಳಿ ಬಟ್ಟೆ ಇಡಿ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಮೇಲಿಂದ ಒತ್ತುತ್ತಾ ಹೋಗಿ. ಉಜ್ಜಬೇಡಿ, ಕಲೆ ಹರಡುತ್ತದೆ. ಶಾಯಿ ಕೆಳಗಿನ ಬಟ್ಟೆಗೆ ಇಳಿಯುತ್ತದೆ, ಅದನ್ನು ಆಗಾಗ ಜರುಗಿಸಿ. ಸ್ಪಿರಿಟ್ ಬೇಗ ಬೆಂಕಿ ಹತ್ತುವ ವಸ್ತು, ಒಲೆಯಿಂದ ದೂರ ಇರಲಿ. ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಬಣ್ಣ ಹಾಕಿದ್ದು ಬೇಡ.

ಫೌಂಟನ್ ಪೆನ್‌ನ ಮಾಮೂಲಿ ಶಾಯಿ ನೀರಿನದು. ಅದಕ್ಕೆ ಸುಮ್ನೆ ಸ್ಪಿರಿಟ್ ಯಾಕೆ? ತಕ್ಷಣ ತಣ್ಣೀರು ಹರಿಸಿ, ಆಮೇಲೆ ದ್ರವ ಸೋಪು ಹಚ್ಚಿದರೆ ಸಾಕು.

ಹಾಲಿನಲ್ಲಿ ನೆನೆಸುವ ಉಪಾಯ ಎಲ್ಲರೂ ಹೇಳುತ್ತಾರೆ, ಅಲ್ವಾ? ಬಟ್ಟೆಗೆ ಹಾನಿಯಿಲ್ಲ, ಆದರೆ ಬಾಲ್‌ಪೆನ್ ಕಲೆಗೆ ಸ್ಪಿರಿಟ್‌ನಷ್ಟು ಶಕ್ತಿ ಅದಕ್ಕಿಲ್ಲ. ಹೇರ್‌ಸ್ಪ್ರೇ ಕೂಡ ಆಲ್ಕೋಹಾಲ್ ಇದ್ದರೆ ಮಾತ್ರ ಉಪಯೋಗ. ಅದರ ಅಂಟು ಮತ್ತೆ ತೊಳೆಯಬೇಕು.

ನೈಲ್ ಪಾಲಿಶ್ ತೆಗೆಯುವ ಅಸಿಟೋನ್ ಜೋರಾದದ್ದು. ಅಸಿಟೇಟ್ ಎಂಬ, ರೇಷ್ಮೆಯಂತೆ ಹೊಳೆಯುವ ಕೃತಕ ಬಟ್ಟೆಯನ್ನೇ ಅದು ಕರಗಿಸಿಬಿಡುತ್ತದೆ. ಬಟ್ಟೆಯ ಲೇಬಲ್ ನೋಡದೆ ಅದನ್ನು ಹಚ್ಚಬೇಡಿ.

ಜೆಲ್ ಪೆನ್ ಕಲೆ ಹಟಮಾರಿ. ಮೊದಲು ಸೋಪು, ಆಮೇಲೆ ಸ್ಪಿರಿಟ್. ಆದರೂ ಪೂರ್ತಿ ಹೋಗದೆ ಇರಬಹುದು.

ರೇಷ್ಮೆಯಾದರೆ ಡ್ರೈಕ್ಲೀನಿಂಗ್‌ಗೆ ಕೊಡುವುದೇ ಒಳ್ಳೆಯದು. ಯಾವುದೇ ಬಟ್ಟೆಯಿರಲಿ, ಮೊದಲು ಒಳಹೊಲಿಗೆಯ ಹತ್ತಿರ ಸ್ಪಿರಿಟ್‌ನ ಒಂದು ತೊಟ್ಟು ಹಾಕಿ ಬಣ್ಣ ಬಿಡುತ್ತದಾ ನೋಡಿ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಮಾಡಬೇಡಿ, ಬಿಸಿ ತಾಗಿದರೆ ಕಲೆ ಗಟ್ಟಿಯಾಗುತ್ತದೆ.