ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ 1951ರ ಕಲಾಪಗಳು

ಲೋಕಸಭಾ ಸಚಿವಾಲಯ ನಡೆಸುವ ಸಂಸತ್ತಿನ ಡಿಜಿಟಲ್ ಗ್ರಂಥಾಲಯವು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಜಾಲತಾಣ. ಅದರ ಐತಿಹಾಸಿಕ ಚರ್ಚೆಗಳ ವಿಭಾಗದಲ್ಲಿ 1854ರಿಂದ 1952ರವರೆಗಿನ ಕಲಾಪಗಳಿವೆ. ಗಣರಾಜ್ಯಕ್ಕೆ ಎರಡು ವರ್ಷವೂ ತುಂಬಿರದ 1951ರ ಬಿಕ್ಕಟ್ಟುಗಳನ್ನು ಅರಿಯಲು ನಾನು ಇದನ್ನು ಬಳಸಿದ್ದೇನೆ. ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಮದ್ರಾಸ್ ಸರ್ಕಾರ ಕಾಲೇಜು ಸೀಟುಗಳನ್ನು ಜಾತಿವಾರು ಹಂಚಿದ್ದನ್ನು ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬಿಹಾರದ ಭೂಸುಧಾರಣಾ ಕಾನೂನನ್ನು ಪಟ್ನಾ ಹೈಕೋರ್ಟ್ ರದ್ದುಮಾಡಿತು. ಇದರ ಬೆನ್ನಲ್ಲೇ ಬಂದ ಸಂವಿಧಾನದ ಮೊದಲ ತಿದ್ದುಪಡಿಯು, ಮೂಲಭೂತ ಹಕ್ಕುಗಳ ಉಲ್ಲಂಘನೆಯ ಕಾರಣಕ್ಕೆ ಕಾನೂನುಗಳು ರದ್ದಾಗದಂತೆ ಕಾಯುವ ಒಂಬತ್ತನೇ ಅನುಸೂಚಿಯನ್ನು ಸೃಷ್ಟಿಸಿ, 13 ಕಾನೂನುಗಳನ್ನು ಅದರಲ್ಲಿ ಸೇರಿಸಿ, ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳನ್ನೂ ವಿಸ್ತರಿಸಿತು. ಪಠ್ಯಪುಸ್ತಕ ಇದನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಕಲಾಪದಲ್ಲಾದರೋ, ಮೇ 16ರಂದು ನೆಹರೂ ಮಾಡಿದ ಸಮರ್ಥನೆಯನ್ನೂ, ಕಾನೂನು ಸಚಿವರಾಗಿದ್ದ ಅಂಬೇಡ್ಕರ್ ಮೇ 18ರಂದು ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ಮುಚ್ಚುಮರೆಯಿಲ್ಲದೆ ತೋಡಿಕೊಂಡ ಅಸಮಾಧಾನವನ್ನೂ ಪೂರ್ತಿಯಾಗಿ ಓದಬಹುದು. ವಿರೋಧಿಸಿದವರಲ್ಲಿ ಶ್ಯಾಮಪ್ರಸಾದ್ ಮುಖರ್ಜಿಯವರೂ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರೂ ಇದ್ದರು. ವಯಸ್ಕ ಮತದಾನದಿಂದ ಆರಿಸಿ ಬಾರದ ತಾತ್ಕಾಲಿಕ ಸಂಸತ್ತು ಮೂಲಭೂತ ಹಕ್ಕುಗಳಿಗೆ ಕೈಹಾಕಬಹುದೇ ಎಂಬ ಆಕ್ಷೇಪಣೆ ಇಂದಿಗೂ ನನಗೆ ತೂಕದ್ದಾಗಿಯೇ ಕಾಣುತ್ತದೆ.

ಸೆಪ್ಟೆಂಬರ್ ತಿಂಗಳ ಕಡತಗಳನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಮಂಗಳೂರು ಮೂಲದವರೇ ಆದ ಬಿ.ಎನ್. ರಾವ್ ಅವರ ಸಮಿತಿ ವರ್ಷಗಳ ಹಿಂದೆ ರೂಪಿಸಿದ್ದ ಹಿಂದೂ ಸಂಹಿತೆಯ (ಹಿಂದೂಗಳ ಮದುವೆ, ಉತ್ತರಾಧಿಕಾರ ಮುಂತಾದವುಗಳ ಕಾನೂನಿನ) ಕರಡು, ಮದುವೆ ಮತ್ತು ವಿಚ್ಛೇದನದ ಭಾಗಕ್ಕೆ ಕುಗ್ಗಿ, ಅದರಲ್ಲೂ ನಾಲ್ಕೇ ಕಲಮುಗಳು ಅಂಗೀಕಾರವಾಗುವಷ್ಟರಲ್ಲಿ ನಿಂತುಹೋಯಿತು. ಅಂಬೇಡ್ಕರ್ ರಾಜೀನಾಮೆ ಕೊಟ್ಟರು. ಅಕ್ಟೋಬರ್‌ನಲ್ಲಿ ಸದನದ ಮುಂದೆ ಕಾರಣ ಹೇಳಲು ನಿಂತಾಗ, ಹೇಳಿಕೆಯ ಪ್ರತಿಯನ್ನು ಮೊದಲೇ ಕೊಡಬೇಕೆಂದು ಉಪಸಭಾಧ್ಯಕ್ಷರು ಪಟ್ಟುಹಿಡಿದದ್ದರಿಂದ ಅವರು ಸದನದಿಂದ ಹೊರನಡೆದು ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಟ್ಟರು. ಆದ್ದರಿಂದ ಆ ದಿನದ ಕಲಾಪದಲ್ಲಿ ವಾಗ್ವಾದ ಮಾತ್ರ ಸಿಗುತ್ತದೆ, ಹೇಳಿಕೆ ಸಿಗುವುದಿಲ್ಲ. ಅದನ್ನು ಅಂಬೇಡ್ಕರರ ಬರಹ ಮತ್ತು ಭಾಷಣಗಳ ಸಂಪುಟದಲ್ಲಿ ಹುಡುಕಿ ಜೊತೆಗಿಟ್ಟುಕೊಂಡು ಓದಬೇಕು.

ಬಳಕೆಯ ಕುರಿತು ಒಂದೆರಡು ಮಾತು. ಇವು ಮುದ್ರಿತ ಸಂಪುಟಗಳ ಸ್ಕ್ಯಾನ್ ಪ್ರತಿಗಳಾದ್ದರಿಂದ ಫೋನಿಗಿಂತ ಕಂಪ್ಯೂಟರ್ ಪರದೆ ಅನುಕೂಲ. ದಿನಾಂಕ ಗೊತ್ತಿದ್ದರೆ ಬೇಕಾದ ಪುಟವನ್ನು ತಲುಪುವುದು ಸುಲಭ. ಆದರೆ ಇಂಗ್ಲಿಷ್, ಹಿಂದಿ ಬಾರದ ಓದುಗರಿಗೆ ಇದೆಲ್ಲವೂ ದೂರವೇ ಉಳಿಯುತ್ತದೆ. 1951ರ ಈ ಎರಡು ಚರ್ಚೆಗಳಿಗಾದರೂ ನಮ್ಮ ವಿಶ್ವವಿದ್ಯಾಲಯಗಳು ಕನ್ನಡದಲ್ಲಿ ವಿಷಯಸೂಚಿಯನ್ನೂ ಸಾರಾಂಶವನ್ನೂ ಸಿದ್ಧಪಡಿಸಬೇಕೆಂದು ಒತ್ತಾಯಿಸುತ್ತೇನೆ. ಕಾನೂನು ವಿದ್ಯಾರ್ಥಿಗಳು ಅಲ್ಲಿಯವರೆಗೆ ಕಾಯದೆ, ಮೇ 16ರ ಕಲಾಪದಿಂದಲೇ ಓದಲು ತೊಡಗಬಹುದು.